ಪಂಜಾಬಿ ಪರಂಪರೆ ಮತ್ತು ಎಳೆಯ ಪೀಳಿಗೆ: ಪ್ರದರ್ಶನ ಕಲೆಗಳ ಪಾತ್ರ

ಒಂದು ಸಮುದಾಯದ ಪರಂಪರೆಯು ಅದರ ಗ್ರಂಥಗಳಲ್ಲಿಯೂ ಶಿಲಾಸ್ಮಾರಕಗಳಲ್ಲಿಯೂ ಮಾತ್ರವೇ ನೆಲೆಸಿರುವುದಿಲ್ಲ. ಮದುವೆಯ ಮನೆಯಲ್ಲಿ ಹೆಂಗಳೆಯರು ಹಾಡುವ ಹಾಡು, ಸುಗ್ಗಿಯ ಬಯಲಿನಲ್ಲಿ ಯುವಕರು ಹಾಕುವ ಹೆಜ್ಜೆ, ವೀರರ ಕಥೆಯನ್ನು ಹೇಳುವವನ ಧ್ವನಿಯ ಏರಿಳಿತ, ಇವೆಲ್ಲವೂ ಪರಂಪರೆಯ ಅಂಗಗಳೇ. ಗ್ರಂಥವು ಕಪಾಟಿನಲ್ಲಿ ನೂರು ವರ್ಷ ಕಾದಿದ್ದು ತನ್ನ ಓದುಗನನ್ನು ಪಡೆಯಬಲ್ಲದು. ಹಾಡಿಗೆ ಆ ಸೌಕರ್ಯವಿಲ್ಲ. ಬಲ್ಲವರು ಬದುಕಿರುವಾಗಲೇ ಅದು ಮತ್ತೊಂದು ಬಾಯಿಗೆ ದಾಟಬೇಕು; ದಾಟದಿದ್ದರೆ ಬಲ್ಲವರೊಡನೆಯೇ ಅದೂ ಮಣ್ಣಾಗುತ್ತದೆ.

ಸ್ವಂತ ನೆಲವನ್ನು ತೊರೆದು ದೂರದೇಶದಲ್ಲಿ ನೆಲೆಸಿದ ಜನರಿಗೆ ಈ ಮಾತು ಇನ್ನಷ್ಟು ಕಠಿಣವಾಗಿ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಪಂಜಾಬಿ ಸಮುದಾಯ ಇದಕ್ಕೆ ಒಳ್ಳೆಯ ನಿದರ್ಶನ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಪಂಜಾಬಿಯನ್ನು ತಮ್ಮ ಮುಖ್ಯ ಭಾಷೆಯೆಂದು ಬರೆಯಿಸಿದವರು ಸುಮಾರು 2 ಲಕ್ಷ 91 ಸಾವಿರ ಮಂದಿ. ಅದೇ ಗಣತಿಯಲ್ಲಿ ತಾವು ಸಿಖ್ಖರೆಂದು ತಿಳಿಸಿದವರೇ ಸುಮಾರು 5 ಲಕ್ಷ 24 ಸಾವಿರ ಮಂದಿ. ಪಂಜಾಬಿ ಮೂಲದವರಲ್ಲಿ ಸಿಖ್ಖರಲ್ಲದೆ ಹಿಂದೂಗಳೂ ಮುಸಲ್ಮಾನರೂ ಬಹುಸಂಖ್ಯೆಯಲ್ಲಿ ಇರುವುದನ್ನು ನೆನೆದರೆ ಈ ಅಂತರ ಮತ್ತಷ್ಟು ಹಿರಿದಾಗುತ್ತದೆ. ಹಾಗೆ ಬರೆಯಿಸದವರೆಲ್ಲರೂ ತಾಯ್ನುಡಿಯನ್ನು ಮರೆತವರೆಂದು ಹೇಳುವಂತಿಲ್ಲ. ಆದರೂ ಅಜ್ಜಿ ಪಂಜಾಬಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು, ಇಬ್ಬರ ಮಾತು ಊಟ ಮತ್ತು ಆರೋಗ್ಯದ ವಿಚಾರವನ್ನು ಮೀರಿ ಮುಂದೆ ಸಾಗದಿರುವುದು, ಅಲ್ಲಿನ ಅನೇಕ ಮನೆಗಳ ಅನುಭವವಾಗಿದೆ. ಪ್ರೀತಿಗೆ ಕೊರತೆಯಿಲ್ಲ, ಮಾತಿಗೆ ಹಾದಿಯಿಲ್ಲ.

ಈ ಹಾದಿಯನ್ನು ತೆರೆಯಲು ಅಲ್ಲಿನ ಶಿಕ್ಷಕರೂ ಕಲಾವಿದರೂ ಸಮುದಾಯದ ಹಿರಿಯರೂ ಕೆಲವು ದಶಕಗಳಿಂದ ಅನುಸರಿಸುತ್ತಿರುವ ಉಪಾಯಗಳಲ್ಲಿ ಸಂಗೀತ, ನೃತ್ಯ ಮತ್ತು ನಾಟಕಗಳ ಮಾರ್ಗವು ವಿಶೇಷವಾಗಿ ಗಮನಾರ್ಹವಾದುದು. ಶಿಕ್ಷಣದಲ್ಲಿ ಆಸಕ್ತಿಯುಳ್ಳ ಎಲ್ಲರಿಗೂ ಅದರಿಂದ ತಿಳಿಯತಕ್ಕ ಅಂಶಗಳಿವೆ.

ಒಡೆದ ನಾಡು, ಎರಡು ಲಿಪಿ

ಝೇಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್ ಎಂಬ ಐದು ನದಿಗಳ ನಾಡೇ ಪಂಜಾಬ್. 1947ರ ದೇಶವಿಭಜನೆಯಲ್ಲಿ ಈ ನಾಡು ಎರಡಾಗಿ ಸೀಳಿತು. ರ‍್ಯಾಡ್‌ಕ್ಲಿಫ್ ಎಳೆದ ಗಡಿರೇಖೆಯು ಪ್ರಕಟವಾದದ್ದು ಆಗಸ್ಟ್ 17ರಂದು, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಒಂದು ಕೋಟಿಗೂ ಮೀರಿದ ಜನ ಮನೆಮಠಗಳನ್ನು ಬಿಟ್ಟು ಗಡಿ ದಾಟಿದರು. ಲಕ್ಷಾಂತರ ಮಂದಿ ಹಾದಿಯಲ್ಲಿ ಪ್ರಾಣ ತೆತ್ತರು. ಲಾಹೋರ್, ಸಿಯಾಲ್‌ಕೋಟ್, ಗುಜ್ರಾನ್‌ವಾಲಾಗಳು ಪಾಕಿಸ್ತಾನಕ್ಕೆ ಸೇರಿದವು. ಅಮೃತಸರ, ಜಲಂಧರ, ಲುಧಿಯಾನಾಗಳು ಭಾರತದಲ್ಲಿ ಉಳಿದವು.

ನೆಲದೊಡನೆ ಲಿಪಿಯ ಬೇರ್ಪಾಟೂ ಗಟ್ಟಿಯಾಯಿತು. ಭಾರತದ ಪಂಜಾಬಿನಲ್ಲಿ ಪಂಜಾಬಿಯನ್ನು ಗುರುಮುಖಿ ಲಿಪಿಯಲ್ಲಿ ಬರೆಯುತ್ತಾರೆ. ಪಾಕಿಸ್ತಾನದ ಪಂಜಾಬಿನಲ್ಲಿ ಅರಬ್ಬೀ ಪಾರಸಿ ಮೂಲದ ಶಾಹಮುಖಿ ಲಿಪಿಯಲ್ಲಿ ಬರೆಯುತ್ತಾರೆ. ಆದುದರಿಂದ ಒಂದೇ ನುಡಿಯನ್ನಾಡುವ ಇಬ್ಬರು ಪರಸ್ಪರರ ಪತ್ರವನ್ನು ಓದಲಾರರು. ಆದರೆ ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಕೇಳಿ ತಲೆದೂಗಬಲ್ಲರು. 18ನೆಯ ಶತಮಾನದಲ್ಲಿ ವಾರಿಸ್ ಶಾಹ ರಚಿಸಿದ ಹೀರ್ ಕಥನಕಾವ್ಯವು ಗಡಿಯ ಎರಡು ಕಡೆಗಳಲ್ಲಿಯೂ ಇಂದಿಗೂ ಹಾಡಲ್ಪಡುತ್ತಿದೆ. ಕಸೂರಿನ ಸೂಫಿಕವಿ ಬುಲ್ಲೇ ಶಾಹನ ಪದಗಳನ್ನು ಎರಡು ಕಡೆಯವರೂ ತಮ್ಮವೆಂದೇ ಭಾವಿಸುತ್ತಾರೆ. ಬ್ರಿಟನ್ನಿನ ಒಂದೇ ತರಗತಿಯಲ್ಲಿ ಜಲಂಧರದ ಮೂಲದ ಬಾಲಕನೂ ಲಾಹೋರಿನ ಮೂಲದ ಬಾಲಕಿಯೂ ಅಕ್ಕಪಕ್ಕ ಕುಳಿತಿರುತ್ತಾರೆ. ಲಿಪಿಯು ಬೇರ್ಪಡಿಸಿದ ಈ ಮಕ್ಕಳನ್ನು ಕೂಡಿಸುವ ಶಕ್ತಿ ಕಿವಿಗೂ ಕೊರಳಿಗೂ ಕಾಲಿಗೂ ಇದೆ. ಪ್ರದರ್ಶನ ಕಲೆಗಳಿಗೆ ಅಲ್ಲಿ ದೊರೆತ ಮಹತ್ವಕ್ಕೆ ಇದು ಮೊದಲನೆಯ ಕಾರಣ.

ಕಡಲಾಚೆಯ ಬದುಕು

ಪಂಜಾಬಿಗಳು ಬ್ರಿಟನ್ನಿಗೆ ಹೋದದ್ದು ಇತ್ತೀಚಿನ ಸಂಗತಿಯೇನೂ ಅಲ್ಲ. ಸಿಖ್ ಸಾಮ್ರಾಜ್ಯದ ಕೊನೆಯ ಅರಸನಾದ ದುಲೀಪಸಿಂಗನು ಬಾಲ್ಯದಲ್ಲಿಯೇ ರಾಜ್ಯವನ್ನು ಕಳೆದುಕೊಂಡು 1854ರಲ್ಲಿ ಇಂಗ್ಲೆಂಡಿಗೆ ಹೋದನು. ಅವನ ಮಗಳು ಸೋಫಿಯಾ ದುಲೀಪಸಿಂಗ್ ಆ ದೇಶದ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರಲ್ಲಿ ಪ್ರಮುಖಳು. 1911ರಲ್ಲಿ ಲಂಡನ್ನಿನಲ್ಲಿ ಮೊದಲ ಗುರುದ್ವಾರ ಸ್ಥಾಪಿತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಬ್ರೈಟನ್ ನಗರದ ಅರಮನೆಯಲ್ಲಿ ತೆರೆದ ಆಸ್ಪತ್ರೆಗೆ ಕರೆತಂದರು. ಅಲ್ಲಿ ಮಡಿದ ಹಿಂದೂ ಮತ್ತು ಸಿಖ್ ಸೈನಿಕರ ದಹನ ನಡೆದ ಗುಡ್ಡದ ಮೇಲೆ 1921ರಲ್ಲಿ ಅನಾವರಣಗೊಂಡ ಛತ್ರಿ ಸ್ಮಾರಕವು ಈಗಲೂ ನಿಂತಿದೆ.

ದೊಡ್ಡ ಪ್ರಮಾಣದ ವಲಸೆ ನಡೆದದ್ದು ಎರಡನೆಯ ಮಹಾಯುದ್ಧದ ಅನಂತರ. ಯುದ್ಧದಿಂದ ಜರ್ಝರಿತವಾದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಸ್ಮೆದಿಕ್ ಮತ್ತು ವುಲ್ವರ್‌ಹ್ಯಾಂಪ್ಟನ್ ಸುತ್ತಿನ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳು, ಲಂಡನ್ನಿನ ಪಶ್ಚಿಮಕ್ಕಿರುವ ಸೌತಾಲ್ ಪ್ರದೇಶದ ರಬ್ಬರ್ ಕಾರ್ಖಾನೆ, ಇವುಗಳಲ್ಲಿ ಇತರರು ಒಲ್ಲದ ಕಾಯಕಷ್ಟದ ಕೆಲಸಗಳನ್ನು ಪಂಜಾಬಿನ ರೈತರ ಮಕ್ಕಳು ಕೈಗೊಂಡರು. 1972ರಲ್ಲಿ ಇದಿ ಅಮೀನನು ಉಗಾಂಡದಲ್ಲಿದ್ದ ಏಷ್ಯಾ ಮೂಲದವರಿಗೆ 90 ದಿನಗಳ ಗಡುವು ಕೊಟ್ಟು ಹೊರದೂಡಿದಾಗ ಮತ್ತಷ್ಟು ಪಂಜಾಬಿ ಕುಟುಂಬಗಳು ಬಂದು ಸೇರಿದವು. ಹೀಗೆ ನೆಲೆಸಿದವರು ವರ್ಣದ್ವೇಷವನ್ನೂ ಎದುರಿಸಬೇಕಾಯಿತು. ಪಗಡಿ ಧರಿಸಿ ಬಸ್ಸು ನಡೆಸುವ ಹಕ್ಕಿಗಾಗಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಎರಡು ವರ್ಷಗಳ ಹೋರಾಟ ನಡೆದು 1969ರಲ್ಲಿ ಜಯ ದೊರೆಯಿತು. ಪಗಡಿಯ ಕಾರಣದಿಂದ ಶಾಲೆಯ ಪ್ರವೇಶ ಕಳೆದುಕೊಂಡ ಬಾಲಕನೊಬ್ಬನ ಪರವಾಗಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು ತೀರ್ಪು ಕೊಟ್ಟದ್ದು 1983ರಲ್ಲಿ.

ಈ ಎಲ್ಲ ಅನುಭವಗಳು ಹಿರಿಯರ ನೆನಪಿನಲ್ಲಿವೆ. ಆದರೆ ಅವರು ತಾವಾಗಿ ಅವನ್ನು ಹೇಳುವುದು ವಿರಳ. ವಿಭಜನೆಯ ಹಿಂಸೆಯನ್ನು ಕಂಡವರು ಮಕ್ಕಳ ಮನಸ್ಸು ಕಲಕಬಾರದೆಂದು ಸುಮ್ಮನಿದ್ದರು; ಎರಕದ ಕುಲುಮೆಯ ಮುಂದೆ ದುಡಿದವರು ಅದರಲ್ಲಿ ಹೇಳತಕ್ಕದ್ದೇನಿದೆ ಎಂದು ಸುಮ್ಮನಿದ್ದರು. ಕೇಳುವವರಿಲ್ಲದ ಕಾರಣ ಆ ಮೌನವೇ ಮನೆಯ ಪದ್ಧತಿಯಾಯಿತು. 1947ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಸಮೀಪಕ್ಕೆ ಬಂದಿದ್ದಾರೆ. ಕೇಳಬೇಕಾದ ಪ್ರಶ್ನೆಗಳಿಗೆ ಇನ್ನು ಹೆಚ್ಚು ಕಾಲಾವಕಾಶವಿಲ್ಲ.

ವಿದ್ಯಾರ್ಥಿಗಳು ಉಳಿಸಿದ ಕುಣಿತ

ಪಂಜಾಬ್ ಎಂದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವುದು ಭಾಂಗ್ರಾ ನೃತ್ಯ. ಅದು ಅನಾದಿಕಾಲದಿಂದ ಇಂದಿನ ರೂಪದಲ್ಲಿಯೇ ನಡೆದುಬಂದಿದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾದ ಇತಿಹಾಸ ಬೇರೆಯೇ ಆಗಿದ್ದು, ಶಿಕ್ಷಕರಿಗೆ ಅದು ಹೆಚ್ಚು ಬೋಧಪ್ರದವಾಗಿದೆ.

ವಿಭಜನೆಗೆ ಮೊದಲು ಭಾಂಗ್ರಾ ಪ್ರಚಾರದಲ್ಲಿದ್ದುದು ಮುಖ್ಯವಾಗಿ ಸಿಯಾಲ್‌ಕೋಟ್, ಗುಜ್ರಾನ್‌ವಾಲಾ, ಗುಜರಾತ್ ಎಂಬ ಪಶ್ಚಿಮ ಪಂಜಾಬಿನ ಜಿಲ್ಲೆಗಳಲ್ಲಿ. ಗೋದಿಯ ಪೈರು ಬಲಿತು ಏಪ್ರಿಲ್ ತಿಂಗಳಿನ ಬೈಸಾಖಿ ಹಬ್ಬ ಸಮೀಪಿಸಿದಾಗ ಹಳ್ಳಿಯ ಗಂಡಸರು ಬಯಲಿನಲ್ಲಿ ಢೋಲ್ ವಾದ್ಯದ ಸುತ್ತ ಕುಣಿಯುತ್ತಿದ್ದರು. 1947ರಲ್ಲಿ ಆ ಜಿಲ್ಲೆಗಳು ಗಡಿಯಾಚೆ ಉಳಿದವು; ಕುಣಿಯುತ್ತಿದ್ದ ಹಿಂದೂ ಸಿಖ್ ಕುಟುಂಬಗಳು ನಿರಾಶ್ರಿತರಾಗಿ ಈಚೆಗೆ ಬಂದವು. ಕುಣಿತಕ್ಕೆ ನೆಲವಿಲ್ಲದಂತಾಯಿತು.

1950ರ ದಶಕದ ಮೊದಲ ವರ್ಷಗಳಲ್ಲಿ ಆಗಿನ ಪೆಪ್ಸು ರಾಜ್ಯದ ಪಟಿಯಾಲಾದ ಸುತ್ತಮುತ್ತ ಕಾಲೇಜು ವಿದ್ಯಾರ್ಥಿಗಳೂ ಕಲಾಸಕ್ತ ತರುಣರೂ ಸೇರಿ ಒಂದು ತಂಡವನ್ನು ಕಟ್ಟಿದರು. ಸುನಾಮ್ ಊರಿನ ಮನೋಹರ ದೀಪಕ್ ಮತ್ತು ಅವರ ಸೋದರರು ಅದರಲ್ಲಿ ಪ್ರಮುಖರು. ಅವರಿಗೆ ತಾಳವನ್ನೂ ಹೆಜ್ಜೆಗಳನ್ನೂ ತಿಳಿಸಿಕೊಟ್ಟವರು ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದ ಢೋಲ್‌ವಾದಕ ಭಾನಾರಾಮ್. ಈ ತಂಡವು ದೆಹಲಿಯ ಗಣರಾಜ್ಯೋತ್ಸವದಲ್ಲಿ ಕುಣಿದು ದೇಶದ ಗಮನ ಸೆಳೆಯಿತು. 1957ರ ‘ನಯಾ ದೌರ್’ ಚಲನಚಿತ್ರದಲ್ಲಿಯೂ ಕಾಣಿಸಿಕೊಂಡಿತು. ಝುಮ್ಮರ್, ಲುಡ್ಡಿ ಮೊದಲಾದ ಬೇರೆ ಬೇರೆ ಕುಣಿತಗಳ ಹೆಜ್ಜೆಗಳನ್ನು ಒಂದರೊಳಗೊಂದು ಹೆಣೆದು ವೇದಿಕೆಗೆ ಒಪ್ಪುವ ಕ್ರಮವೊಂದು ರೂಪುಗೊಂಡಿತು. ಇಂದು ಜಗತ್ತು ಭಾಂಗ್ರಾ ಎಂದು ಗುರುತಿಸುವುದು ಬಹುಮಟ್ಟಿಗೆ ಈ ರೂಪವನ್ನೇ.

ಎಂದಮೇಲೆ ಭಾಂಗ್ರಾ ಉಳಿದುಬಂದದ್ದು ಹೇಗೆ? ನೆಲ ಕಳೆದುಕೊಂಡ ಒಬ್ಬ ಬಲ್ಲವನು, ತಿಳಿಯಬೇಕೆಂಬ ಹಂಬಲವುಳ್ಳ ಕೆಲವರು ತರುಣರು, ಇವರು ಸಂಧಿಸಿದ್ದರಿಂದ. ಪರಂಪರೆಯು ಬದಲಾಗದೆ ಉಳಿಯಿತು ಎನ್ನುವುದಕ್ಕಿಂತ, ಕೇಳಿ ಕಲಿತವರ ಕೈಯಲ್ಲಿ ಬದಲಾಗುತ್ತಲೇ ಉಳಿಯಿತು ಎನ್ನುವುದು ಸತ್ಯಕ್ಕೆ ಹತ್ತಿರ. ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳು ಕುಣಿಯುವುದು ಶುದ್ಧವಲ್ಲವೆಂದು ಆಕ್ಷೇಪಿಸುವ ಹಿರಿಯರು ಈ ಇತಿಹಾಸವನ್ನು ಸ್ಮರಿಸುವುದು ಉಚಿತ.

ಕಲೆಯೊಳಗಿನ ಪಾಠ

ಪ್ರದರ್ಶನ ಕಲೆಯು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಮಾಡುವ ಕೆಲಸವೊಂದಿದೆ: ಅದು ಕಲಿಯುವವನಿಂದ ನಿಖರತೆಯನ್ನು ಬೇಡುತ್ತದೆ. ‘ಪಂಜಾಬಿನಲ್ಲಿ ಗಿದ್ದಾ ಎಂಬ ಸ್ತ್ರೀಯರ ನೃತ್ಯವಿದೆ’ ಎಂದು ಓದಿದವಳು ಅಷ್ಟಕ್ಕೇ ನಿಲ್ಲಬಹುದು. ಅದನ್ನು ಮಾಡಿತೋರಿಸಬೇಕಾದವಳು ಚಪ್ಪಾಳೆ ಎಲ್ಲಿ ಬೀಳಬೇಕು, ಈ ಪದದ ಅರ್ಥವೇನು, ಇಲ್ಲಿ ಎಲ್ಲರೂ ನಗುವುದೇಕೆ ಎಂದು ಯಾರನ್ನಾದರೂ ಕೇಳಲೇಬೇಕು. ಕೇಳುವುದಕ್ಕೆ ಅತ್ಯಂತ ಸಮೀಪದಲ್ಲಿರುವವಳು ಅಜ್ಜಿ.

ಗಿದ್ದಾದಲ್ಲಿ ಹೆಂಗಸರು ಸುತ್ತುಗಟ್ಟಿ ನಿಲ್ಲುತ್ತಾರೆ. ಒಬ್ಬಳು ಮುಂದೆ ಬಂದು ಬೋಲಿ ಎಂಬ ಚಿಕ್ಕ ಪದ್ಯವನ್ನು ಹೇಳುತ್ತಾಳೆ. ಕೊನೆಯ ಸಾಲಿಗೆ ಎಲ್ಲರೂ ದನಿಗೂಡಿಸಿ ಚಪ್ಪಾಳೆಯೊಡನೆ ಕುಣಿಯುತ್ತಾರೆ. ಅತ್ತೆಯ ಕಾಟ, ಸೈನ್ಯಕ್ಕೆ ಸೇರಿ ದೂರ ಹೋದ ಗಂಡ, ತವರಿನ ನೆನಪು, ಸಾಲ ಕೊಟ್ಟವನ ದರ್ಪ, ಇವೆಲ್ಲವೂ ಬೋಲಿಗೆ ವಸ್ತುಗಳು. ಎದುರಿಗೆ ನಿಂತು ಹೇಳಲಾಗದ ಮಾತನ್ನು ಹಾಡಿನ ಮರೆಯಲ್ಲಿ ಹೇಳಲು ಹೆಣ್ಣುಮಕ್ಕಳು ಕಂಡುಕೊಂಡ ದಾರಿಯಿದು. ಯುದ್ಧದ ಇತಿಹಾಸವನ್ನು ಸೇನಾಪತಿಗಳ ದೃಷ್ಟಿಯಿಂದ ಮಾತ್ರ ಓದಿದ ಬಾಲಕಿಗೆ, ಅದೇ ಯುದ್ಧವು ರಾಟೆಯ ಮುಂದೆ ಕುಳಿತ ಹೆಂಡತಿಗೆ ಹೇಗೆ ಕಂಡಿತೆಂಬುದು ಇಲ್ಲಿ ತಿಳಿಯುತ್ತದೆ. ವಧುವಿನ ಮನೆಯಲ್ಲಿ ಹಾಡುವ ಸುಹಾಗ್, ವರನ ಮನೆಯಲ್ಲಿ ಹಾಡುವ ಘೋಡಿ, ಮದುವೆಯ ಹಿಂದಿನ ರಾತ್ರಿ ದೀಪಗಳನ್ನಿಟ್ಟ ಕೊಡವನ್ನು ತಲೆಯ ಮೇಲೆ ಹೊತ್ತು ಊರನ್ನು ಎಚ್ಚರಿಸುವ ಜಾಗೋ, ಇಬ್ಬರು ಬಾಲಕಿಯರು ಕೈಕೈ ಹಿಡಿದು ಗಿರಗಿರನೆ ಸುತ್ತುವ ಕಿಕ್ಲಿ, ಒಂದೊಂದೂ ಬಾಳಿನ ಒಂದೊಂದು ಘಟ್ಟವನ್ನು ಪರಿಚಯ ಮಾಡಿಕೊಡುತ್ತದೆ.

ಢೋಲ್ ವಾದನದ ಶಿಸ್ತು ಬೇರೆ ಬಗೆಯದು. ಮರದ ದೊಡ್ಡ ಹೊಟ್ಟೆಯ ಈ ವಾದ್ಯದ ಒಂದು ಮುಖವನ್ನು ಡಗ್ಗಾ ಎಂಬ ಬಾಗಿದ ದಪ್ಪ ಕೋಲಿನಿಂದಲೂ ಮತ್ತೊಂದು ಮುಖವನ್ನು ತಿಲ್ಲಿ ಎಂಬ ತೆಳುವಾದ ಬೆತ್ತದಿಂದಲೂ ನುಡಿಸುತ್ತಾರೆ. ಎಂಟು ಮಾತ್ರೆಗಳ ಚಾಲ್ ಎಂಬ ನಡೆ ಭಾಂಗ್ರಾಕ್ಕೆ ಆಧಾರ. ಎರಡು ಕೈಗಳಿಗೆ ಎರಡು ಬೇರೆ ಕೆಲಸ. ಇವು ಹೊಂದಿಕೊಳ್ಳಲು ತಿಂಗಳುಗಳ ಸಾಧನೆ ಬೇಕು. ಲಂಡನ್ನಿನಲ್ಲಿ ಜಾನಿ ಕಲ್ಸಿಯವರು ಇಂಥ ಕಲಿಕೆಗಾಗಿಯೇ ಢೋಲ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಗಂಡಸರ ವಾದ್ಯವೆಂದೇ ಎಣಿಸಲಾಗಿದ್ದ ಢೋಲನ್ನು ಬರ್ಮಿಂಗ್‌ಹ್ಯಾಮಿನ ಪಾರ್ವ್ ಕೌರ್ ಹೆಗಲಿಗೇರಿಸಿ ಹೆಣ್ಣುಮಕ್ಕಳಿಗೂ ಕಲಿಸಿದರು. ಅಜ್ಜಿಯ ಕಾಲದಲ್ಲಿ ಇಲ್ಲದ್ದು ಮೊಮ್ಮಗಳ ಕಾಲದಲ್ಲಿ ಪರಂಪರೆಯೊಳಗೆ ಸೇರಿಕೊಂಡಿತು.

ಢಾಡಿಗಳದು ಕಥನದ ಕಲೆ. ಅಂಗೈಯಲ್ಲಿ ಹಿಡಿಯುವ ಢಡ್ ಎಂಬ ಪುಟ್ಟ ವಾದ್ಯ, ಸಾರಂಗಿ ಮತ್ತು ಓಜಸ್ವಿಯಾದ ವಾಕ್ಕು, ಇವುಗಳಿಂದ ವೀರಗಾಥೆಗಳನ್ನು ಜನರ ಮುಂದೆ ನಿಲ್ಲಿಸುತ್ತಾರೆ. ಆರನೆಯ ಗುರು ಹರಗೋವಿಂದರು ಈ ಕಲೆಗೆ ಆಶ್ರಯವಿತ್ತರೆಂದು ಸಿಖ್ ಸಂಪ್ರದಾಯ ಸ್ಮರಿಸುತ್ತದೆ. ಕೀರ್ತನವಾದರೋ ಶುದ್ಧವಾದ ಉಪಾಸನೆ. ಗುರು ಗ್ರಂಥ ಸಾಹಿಬ್‌ನ ಬಹುಭಾಗವು 31 ಮುಖ್ಯ ರಾಗಗಳ ಅನುಕ್ರಮದಲ್ಲಿ ವ್ಯವಸ್ಥಿತವಾಗಿದೆ. ಗುರುನಾನಕರ ಜೊತೆಯಲ್ಲಿ ದೇಶ ಸುತ್ತಿ ರಬಾಬ್ ನುಡಿಸಿದ ಮರ್ದಾನಾ ಹುಟ್ಟಿನಿಂದ ಮುಸಲ್ಮಾನನೆಂಬುದನ್ನು ಮಕ್ಕಳಿಗೆ ತಿಳಿಸಿದಾಗ, ಆ ವಾದ್ಯವೊಂದೇ ಒಂದು ಉಪನ್ಯಾಸದಷ್ಟು ಮಾತನಾಡುತ್ತದೆ.

ಹೊಸ ನೆಲದ ಹೊಸ ದನಿ

ಬ್ರಿಟನ್ನಿಗೆ ಬಂದ ಮೊದಲ ಪೀಳಿಗೆಯವರು ಸಂಗೀತವನ್ನು ವೃತ್ತಿಯಾಗಿ ತಂದವರಲ್ಲ. ಹಗಲು ಕಾರ್ಖಾನೆಯಲ್ಲಿ ದುಡಿದು ವಾರದ ಕೊನೆಯಲ್ಲಿ ಮದುವೆಗಳಲ್ಲಿಯೂ ಸಣ್ಣ ಸಭೆಗಳಲ್ಲಿಯೂ ಹಾಡಿದವರು. 1967ರಲ್ಲಿ ಸ್ಮೆದಿಕ್‌ನಲ್ಲಿ ಆರಂಭವಾದ ಭುಜಂಗಿ ಗ್ರೂಪ್ ಅಂಥ ತಂಡಗಳಲ್ಲಿ ಮೊದಲನೆಯ ಸಾಲಿನದು. ತುಂಬಿ, ಢೋಲಕ್‌ಗಳ ಜೊತೆಗೆ ಪಾಶ್ಚಾತ್ಯ ವಾದ್ಯಗಳು ಸೇರಿದವು. 1970ರ ದಶಕದ ಕೊನೆಗೆ ಸೌತಾಲ್‌ನಲ್ಲಿ ಚನ್ನಿ ಸಿಂಗ್ ಅವರ ಅಲಾಪ್ ತಂಡ ಕಾಣಿಸಿಕೊಂಡಿತು. ಇಂಗ್ಲಿಷ್ ಮಾತನಾಡುತ್ತಿದ್ದ ಮಕ್ಕಳು ಪಂಜಾಬಿ ಹಾಡುಗಳ ಧ್ವನಿಸುರುಳಿಗಳನ್ನು ಕೊಂಡು ಕೇಳತೊಡಗಿದರು.

1980ರ ದಶಕದ ಒಂದು ಸಂಗತಿ ಇಲ್ಲಿ ಉಲ್ಲೇಖನೀಯ. ರಾತ್ರಿಯ ನೃತ್ಯಕೂಟಗಳಿಗೆ ಹೋಗಲು ಮನೆಯವರು, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಅನುಮತಿ ಕೊಡುತ್ತಿರಲಿಲ್ಲ. ಆಗ ಭಾಂಗ್ರಾ ಕೂಟಗಳು ಹಗಲಿನಲ್ಲಿಯೇ ನಡೆಯತೊಡಗಿದವು. ಶಾಲಾ ಕಾಲೇಜುಗಳಿಗೆಂದು ಹೊರಟ ನೂರಾರು ಹುಡುಗ ಹುಡುಗಿಯರು ತರಗತಿ ತಪ್ಪಿಸಿ ಅಲ್ಲಿ ಸೇರುತ್ತಿದ್ದರು. ಶಿಕ್ಷಕರು ಇದನ್ನು ಮೆಚ್ಚಬೇಕಾಗಿಲ್ಲ. ಆದರೆ ಅದರ ಅರ್ಥವನ್ನು ಗ್ರಹಿಸಬೇಕು. ಶಾಲೆಯಲ್ಲಿ ತಮ್ಮ ಮೂಲವನ್ನು ಮುಚ್ಚಿಟ್ಟುಕೊಳ್ಳುತ್ತಿದ್ದ ಆ ಮಕ್ಕಳಿಗೆ ಪಂಜಾಬಿಗಳೆಂದು ಹೆಮ್ಮೆಪಡಲು ಅಲ್ಲಿ ಒಂದು ಜಾಗ ಸಿಕ್ಕಿತ್ತು. ಆ ಜಾಗವನ್ನು ಶಾಲೆಯೇ ಒದಗಿಸಿದ್ದರೆ ತರಗತಿ ತಪ್ಪಿಸುವ ಪ್ರಮೇಯವೇ ಕಡಿಮೆಯಾಗುತ್ತಿತ್ತು.

ರಂಗದ ಮೇಲೆ ಚರಿತ್ರೆ

ನೃತ್ಯವು ಹೆಮ್ಮೆಯನ್ನು ಕೊಟ್ಟರೆ ನಾಟಕವು ಪ್ರಶ್ನೆಯನ್ನು ಎತ್ತುತ್ತದೆ. 1976ರ ಜೂನ್ ತಿಂಗಳಿನಲ್ಲಿ ಸೌತಾಲ್‌ನ ಬೀದಿಯಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ವಿದ್ಯಾರ್ಥಿ ವರ್ಣದ್ವೇಷಿಗಳ ಕೈಯಲ್ಲಿ ಹತನಾದನು. ಆ ಸಾವಿನಿಂದ ಕಲಕಿಹೋದ ಜತಿಂದರ್ ವರ್ಮಾ ಮತ್ತು ಅವರ ಸಂಗಡಿಗರು 1977ರಲ್ಲಿ ತಾರಾ ಆರ್ಟ್ಸ್ ಎಂಬ ನಾಟಕಸಂಸ್ಥೆಯನ್ನು ಸ್ಥಾಪಿಸಿ ರವೀಂದ್ರನಾಥ ಠಾಕೂರರ ನಾಟಕದಿಂದ ಕೆಲಸ ಆರಂಭಿಸಿದರು. ಕೈಗೆ ಕಲ್ಲು ಸಿಗಬಹುದಾಗಿದ್ದ ಗಳಿಗೆಯಲ್ಲಿ ತರುಣರು ರಂಗಭೂಮಿಯನ್ನು ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ.

1979ರ ಏಪ್ರಿಲ್ 23ರಂದು ಅದೇ ಸೌತಾಲ್‌ನಲ್ಲಿ ವರ್ಣದ್ವೇಷಿ ಪಕ್ಷವೊಂದರ ಸಭೆಯನ್ನು ಪ್ರತಿಭಟಿಸಿದ ಜನರ ನಡುವೆ ಬ್ಲೇರ್ ಪೀಚ್ ಎಂಬ ಶಾಲಾಶಿಕ್ಷಕರು ತಲೆಗೆ ಬಿದ್ದ ಪೆಟ್ಟಿನಿಂದ ಮೃತರಾದರು. ಅವರು ನ್ಯೂಜಿಲೆಂಡ್ ಮೂಲದವರು, ಪಂಜಾಬಿಯೇನೂ ಅಲ್ಲ. ಅವರ ಪಾರ್ಥಿವ ಶರೀರವನ್ನು ಸೌತಾಲ್‌ನ ಡೊಮಿನಿಯನ್ ಚಿತ್ರಮಂದಿರದಲ್ಲಿ ಇರಿಸಿದಾಗ ಸಾವಿರಾರು ಮಂದಿ ಪಂಜಾಬಿಗಳು ಸಾಲುಗಟ್ಟಿ ನಿಂತು ಅಂತಿಮ ನಮನ ಸಲ್ಲಿಸಿದರು. ಇಂಥ ಘಟನೆಯೊಂದನ್ನು ಮಕ್ಕಳು ಅಭಿನಯಿಸುವಾಗ ‘ನಮ್ಮವರು ಯಾರು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅದಕ್ಕೆ ದೊರೆಯುವ ಉತ್ತರ ಜಾತಿ ಮತಗಳ ಎಲ್ಲೆಯಲ್ಲಿ ನಿಲ್ಲುವುದಿಲ್ಲ.

ಪಂಜಾಬಿ ರಂಗಭೂಮಿಗೆ ಇಂಥ ಪ್ರಶ್ನೆ ಹೊಸದಲ್ಲ. ಗುರುಶರಣ್ ಸಿಂಗ್ (1929-2011) ಹಳ್ಳಿಹಳ್ಳಿಗೆ ಹೋಗಿ ಬೀದಿನಾಟಕಗಳನ್ನಾಡಿ ಜನರ ಕಷ್ಟಗಳಿಗೆ ದನಿಯಾದರು. ಚಂಡೀಗಢದ ನಿರ್ದೇಶಕಿ ನೀಲಂ ಮಾನಸಿಂಗ್ ಚೌಧರಿಯವರು ನಗರದ ನಟರೊಡನೆ ನಕ್ಕಾಲ್ ಎಂಬ ಸಾಂಪ್ರದಾಯಿಕ ಜನಪದ ಕಲಾವಿದರನ್ನು ರಂಗಕ್ಕೆ ತಂದರು. ಅವರ ನಾಟಕಗಳಿಗೆ ಸಂಗೀತ ಸಂಯೋಜಿಸಿದವರು ಕನ್ನಡದ ಬಿ. ವಿ. ಕಾರಂತರು, ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನೂ ಅವರು ಪಂಜಾಬಿಯಲ್ಲಿ ರಂಗಕ್ಕೇರಿಸಿದರು. ಕನ್ನಡದ ಕಥೆಯೊಂದು ಪಂಜಾಬಿ ಜನಪದರ ಕೊರಳಲ್ಲಿ ಹೀಗೆ ಹೊಸ ಜೀವ ತಳೆಯಿತು.

ಕಲಿಕೆಯ ಕ್ರಮ

ಬ್ರಿಟನ್ನಿನಲ್ಲಿ ರಾಷ್ಟ್ರೀಯ ಲಾಟರಿಯ ಆದಾಯದಿಂದ 1994ರಲ್ಲಿ ಏರ್ಪಟ್ಟ ಪರಂಪರಾ ನಿಧಿಯು ಎಳೆಯರ ಇಂಥ ಯೋಜನೆಗಳಿಗೂ ಧನಸಹಾಯ ನೀಡುತ್ತ ಬಂದಿದೆ. 2020ರಲ್ಲಿ ಅಲ್ಲಿ ದಕ್ಷಿಣ ಏಷ್ಯಾ ಪರಂಪರೆಯ ಮಾಸಾಚರಣೆಯು ಆರಂಭವಾಯಿತು. ಅದರ ಆರಂಭಕ್ಕೆ ಆರಿಸಿಕೊಂಡ ಜುಲೈ 18 ಭಾರತ ಸ್ವಾತಂತ್ರ್ಯದ ಕಾಯಿದೆಗೆ ಅಂಕಿತ ಬಿದ್ದ ದಿನ. ಮುಕ್ತಾಯಕ್ಕೆ ಆರಿಸಿಕೊಂಡ ಆಗಸ್ಟ್ 17 ಗಡಿರೇಖೆ ಪ್ರಕಟವಾದ ದಿನ. ಸಂತೋಷ ಮತ್ತು ಸಂಕಟಗಳೆರಡನ್ನೂ ಒಂದೇ ಆಚರಣೆಯಲ್ಲಿ ಹಿಡಿಯುವ ವಿವೇಕ ಈ ಆಯ್ಕೆಯಲ್ಲಿದೆ.

ಇಂಥ ಕಾರ್ಯದಲ್ಲಿ ಫಲಕೊಟ್ಟ ಕ್ರಮವನ್ನು ನಾಲ್ಕು ಮೆಟ್ಟಿಲುಗಳಾಗಿ ಹೇಳಬಹುದು. ಮೊದಲನೆಯದು ಕೇಳುವುದು. ಮಕ್ಕಳು ಗುಂಪುಗಳಾಗಿ ಹಿರಿಯರ ಬಳಿಗೆ ಹೋಗಿ, ಅನುಮತಿ ಪಡೆದು, ಅವರ ಮಾತನ್ನೂ ಹಾಡನ್ನೂ ಧ್ವನಿಮುದ್ರಿಸಿಕೊಳ್ಳುತ್ತಾರೆ. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಹಿರಿಯರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ‘ನಿಮ್ಮ ಮದುವೆಯ ದಿನ ಯಾವ ಹಾಡು ಹಾಡಿದರು?’ ಎಂದರೆ ಒಂದು ಗಂಟೆ ಮಾತನಾಡುತ್ತಾರೆ. ಎರಡನೆಯದು ಕಲಿಯುವುದು. ಬಲ್ಲ ಕಲಾವಿದರಿಂದ ಹೆಜ್ಜೆ, ತಾಳ, ಉಚ್ಚಾರಣೆಗಳನ್ನು ಅಭ್ಯಾಸ ಮಾಡುತ್ತಾರೆ. ಮೂರನೆಯದು ಕಟ್ಟುವುದು. ಕೇಳಿದ ಕಥೆ ಮತ್ತು ಕಲಿತ ಕಲೆ ಎರಡನ್ನೂ ಸೇರಿಸಿ ತಮ್ಮದೇ ಆದ ರೂಪಕವನ್ನು ರಚಿಸುತ್ತಾರೆ. ನಾಲ್ಕನೆಯದು ಒಪ್ಪಿಸುವುದು. ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಕುಳಿತಿರಬೇಕಾದವರು ಕಥೆ ಹೇಳಿದ ಆ ಹಿರಿಯರೇ. ತಮ್ಮ ಬಾಳು ಹೇಳತಕ್ಕದ್ದೇ ಅಲ್ಲವೆಂದು ಸುಮ್ಮನಿದ್ದವರು ಅದನ್ನು ಮೊಮ್ಮಕ್ಕಳ ಮೈಯಲ್ಲಿ ಕಾಣುವ ಆ ಗಳಿಗೆಯೇ ಇಡೀ ಪ್ರಯತ್ನದ ಸಾರ್ಥಕತೆ.

ಹೀಗೆ ಸಂಗ್ರಹವಾದ ನೆನಪುಗಳಿಗೆ ಇಂದು ಭದ್ರವಾದ ನೆಲೆಗಳೂ ಇವೆ. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ 1947ರ ವಿಭಜನೆಯ ಸ್ಮೃತಿಭಂಡಾರವು 10 ಸಾವಿರಕ್ಕೂ ಹೆಚ್ಚು ಮಂದಿಯ ಅನುಭವಗಳನ್ನು ದಾಖಲಿಸಿದೆ. 2017ರಲ್ಲಿ ಅಮೃತಸರದಲ್ಲಿ ವಿಭಜನೆಯ ವಸ್ತುಸಂಗ್ರಹಾಲಯವು ತೆರೆದಿದೆ.

ಎಚ್ಚರದ ಮಾತು

ಈ ಮಾರ್ಗದಲ್ಲಿ ಎಡವುವ ಸಂಭವಗಳೂ ಇವೆ. ಪಂಜಾಬನ್ನು ಬಣ್ಣದ ಪಗಡಿ ಮತ್ತು ಉಲ್ಲಾಸದ ಕುಣಿತಗಳಿಗೆ ಇಳಿಸಿಬಿಡುವುದು ಮೊದಲನೆಯ ತಪ್ಪು. ಸಿನಿಮಾ ಹಾಡೊಂದಕ್ಕೆ ಹತ್ತು ದಿನ ಅಭ್ಯಾಸ ಮಾಡಿಸಿ ವೇದಿಕೆ ಹತ್ತಿಸಿದರೆ ಮಕ್ಕಳು ಚಪ್ಪಾಳೆ ಗಳಿಸುತ್ತಾರೆಯೇ ಹೊರತು ಬೇರೇನನ್ನೂ ಅಲ್ಲ. ಉಪಾಸನೆಯನ್ನೂ ಮನರಂಜನೆಯನ್ನೂ ಒಂದೇ ಎಂದೆಣಿಸುವುದು ಎರಡನೆಯ ತಪ್ಪು. ಕೀರ್ತನವನ್ನು ಕೇಳುವಾಗ ತಲೆಗೆ ವಸ್ತ್ರ ಹೊದೆದು, ಪಾದರಕ್ಷೆ ಕಳಚಿ ಕುಳಿತುಕೊಳ್ಳುವ ಮರ್ಯಾದೆಯಿದೆ. ಅದನ್ನು ಕುಣಿತಗಳ ನಡುವಿನ ಒಂದು ಕಾರ್ಯಕ್ರಮವೆಂಬಂತೆ ಸೇರಿಸುವುದು ಸಲ್ಲದು.

ಮೂರನೆಯದು ಹೆಚ್ಚು ಗಂಭೀರ. ಢೋಲನ್ನು ತಲೆಮಾರುಗಳಿಂದ ನುಡಿಸಿದವರು ಮಿರಾಸಿ, ಭರಾಯಿ, ಬಾಜಿಗರ್ ಮೊದಲಾದ ಸಮುದಾಯಗಳವರು. ಊರಿನ ಸಂತೋಷಕ್ಕೆ ಅವರ ಕೈ ಬೇಕಾಗಿತ್ತು; ಊರಿನ ಪಂಕ್ತಿಯಲ್ಲಿ ಅವರಿಗೆ ಸಮನಾದ ಸ್ಥಾನವಿರಲಿಲ್ಲ. ಇಂದು ಯಾರು ಬೇಕಾದರೂ ಢೋಲ್ ಹೊರಬಹುದಾದ ಕಾಲ ಬಂದಿರುವುದು ಶ್ಲಾಘನೀಯ. ಆದರೆ ಆ ವಾದ್ಯವನ್ನು ಕಾಪಾಡಿದವರು ಯಾರೆಂಬುದನ್ನು ಹೇಳದೆ ಕಲಿಸಿದರೆ, ಪರಂಪರೆಯ ಹೆಸರಿನಲ್ಲಿ ಒಂದು ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತಾಗುತ್ತದೆ. ಹೆಮ್ಮೆಪಡತಕ್ಕದ್ದನ್ನು ಹೇಳುವಷ್ಟೇ ನೇರವಾಗಿ ನಾಚತಕ್ಕದ್ದನ್ನೂ ಹೇಳಿದಾಗ ಮಾತ್ರ ಎಳೆಯರು ಹಿರಿಯರ ಮಾತನ್ನು ನಂಬುತ್ತಾರೆ.

ಉಪಸಂಹಾರ

ಪಂಜಾಬ್ ದೂರದ ನಾಡಾದರೂ ಕನ್ನಡನಾಡಿಗೆ ಅನ್ಯವಲ್ಲ. ಬೀದರದ ನಾನಕ್ ಝೀರಾದಲ್ಲಿ ಗುರುನಾನಕರ ಪಾದಸ್ಪರ್ಶದಿಂದ ಸಿಹಿನೀರು ಚಿಮ್ಮಿತೆಂಬ ನಂಬಿಕೆ ಇಂದಿಗೂ ಸಾವಿರಾರು ಯಾತ್ರಿಕರನ್ನು ಅಲ್ಲಿಗೆ ಸೆಳೆಯುತ್ತಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಗರ ಕರೆಗೆ ಓಗೊಟ್ಟು ಶಿರವನ್ನೇ ಒಪ್ಪಿಸಲು ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರೆಂದು ಸಿಖ್ ಸಂಪ್ರದಾಯ ಹೇಳುತ್ತದೆ. ಸೌತಾಲ್‌ನ ಬಾಲಕರು ಬೈಸಾಖಿಯ ಕಥೆಯನ್ನು ಅಭಿನಯಿಸುವಾಗ ಅವರಲ್ಲೊಬ್ಬನು ಬೀದರದಿಂದ ಬಂದವನ ಪಾತ್ರವನ್ನು ವಹಿಸಲೇಬೇಕಾಗುತ್ತದೆ.

ಮೊಮ್ಮಗಳು ಅಜ್ಜಿಯ ಭಾಷೆಯನ್ನು ಪೂರ್ಣವಾಗಿ ಕಲಿಯುವಳೋ ಇಲ್ಲವೋ, ಹೇಳಲಾಗದು. ಆದರೆ ಬೋಲಿಯೊಂದರ ಕೊನೆಯ ಸಾಲಿಗೆ ಚಪ್ಪಾಳೆ ಎಲ್ಲಿ ಬೀಳಬೇಕೆಂದು ಕೇಳಲು ಆಕೆ ಅಜ್ಜಿಯ ಬಳಿ ಬಂದು ಕುಳಿತ ದಿನ, ಊಟ ಮತ್ತು ಆರೋಗ್ಯವನ್ನು ಮೀರಿದ ಮಾತು ಆ ಮನೆಯಲ್ಲಿ ಮೊದಲಾಗುತ್ತದೆ. ಪಟಿಯಾಲಾದ ತರುಣರು ಭಾನಾರಾಮನ ಎದುರು ಕಲಿಯಲು ನಿಂತ ದಿನವೂ ನಡೆದದ್ದು ಇದೇ. ಬಲ್ಲವರು ಇರುವಾಗ ಕೇಳುವವರನ್ನು ಸಿದ್ಧಪಡಿಸುವುದು ಶಿಕ್ಷಕರ ಕೆಲಸ. ಅವರಿಬ್ಬರೂ ಸೇರಲು ಒಂದು ಕೋಣೆ, ಒಂದು ವಾದ್ಯ, ಒಂದಿಷ್ಟು ಕಾಲವನ್ನು ಒದಗಿಸುವುದು ಸಮಾಜದ ಕೆಲಸ. ಅಷ್ಟು ನಡೆದರೆ ಹಾಡು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ.